ಸೇಬಿಗೊಂದೇ ಹುಳು, ಲೆಕ್ಕ ಮಾತ್ರ ಕೋಟಿಗಳಲ್ಲಿ

ಮೊಟ್ಟೆಯಿಂದ ಹೊರಬಂದಾಗ ಅದರ ಉದ್ದ ಎರಡು ಮಿಲಿಮೀಟರ್. ಮೈ ಬಿಳುಪು, ತಲೆ ಕಪ್ಪು. ಬಿಟ್ಟುಬಂದ ಮೊಟ್ಟೆಯಂತೂ ರಾಗಿಕಾಳಿಗಿಂತ ಚಿಕ್ಕದು, ಚಪ್ಪಟೆ. ಹತ್ತಿರದಿಂದ ನೋಡಿದರೂ ಎಲೆಯ ಮೇಲೊಂದು ಹೊಳಪಿನ ಚುಕ್ಕೆ ಅಷ್ಟೆ. ಈ ಮರಿಹುಳುವಿನ ಬದುಕೆಲ್ಲ ನಿಂತಿರುವುದು ಮೊದಲ ಒಂದು ದಿನದ ಮೇಲೆ. ಅಷ್ಟರೊಳಗೆ ಕಾಯಿಯೊಂದು ಸಿಗಬೇಕು, ಅದರ ಸಿಪ್ಪೆ ಕೊರೆದು ಒಳಗೆ ಸೇರಿಕೊಳ್ಳಬೇಕು. ವಾಸನೆಯ ಜಾಡು ಹಿಡಿದು ಎಲೆಯಿಂದ ರೆಂಬೆಗೆ, ರೆಂಬೆಯಿಂದ ತೊಟ್ಟಿಗೆ ತೆವಳುತ್ತದೆ. ಕಾಯಿ ತಲುಪಿದ ಮೇಲೆ ಹೂವು ಉದುರಿದ ಕಡೆಯ ಕುಳಿಯಲ್ಲೋ, ಎರಡು ಕಾಯಿ ಒಂದಕ್ಕೊಂದು ತಾಗಿದ ಸಂದಿಯಲ್ಲೋ ಜಾಗ ನೋಡಿಕೊಂಡು ಕಚ್ಚಲು ಶುರು ಮಾಡುತ್ತದೆ. ಮೊದಮೊದಲು ಕಚ್ಚಿದ ಸಿಪ್ಪೆಯನ್ನು ಅದು ನುಂಗುವುದಿಲ್ಲ; ಪಕ್ಕಕ್ಕೆ ಹಾಕಿ ಮುಂದುವರಿಯುತ್ತದೆ. ತೋಟದವರು ಹೊಡೆದ ಔಷಧಿ ಇರುವುದು ಆ ಸಿಪ್ಪೆಯ ಮೇಲೆಯೇ.

ಒಳಗೆ ಹೋದ ಮೇಲೆ ತಿರುಳಿನ ಆಸೆಗೆ ಅದು ನಿಲ್ಲುವುದಿಲ್ಲ. ನೇರವಾಗಿ ನಡುವಿಗೆ ಸುರಂಗ ಕೊರೆದು ಬೀಜಕ್ಕೆ ಬಾಯಿ ಹಾಕುತ್ತದೆ. ಹಣ್ಣಿನಲ್ಲಿ ಕೊಬ್ಬು, ಪ್ರೋಟೀನು ಇರುವುದು ಅಲ್ಲೇ ತಾನೆ. ಮೂರರಿಂದ ಐದು ವಾರ ಒಳಗೇ ಇದ್ದು, ಐದು ಹಂತ ದಾಟಿ, ತಿಳಿಗುಲಾಬಿ ಬಣ್ಣದ ಹದಿನೈದು-ಇಪ್ಪತ್ತು ಮಿಲಿಮೀಟರ್ ಹುಳುವಾಗಿ ಹೊರಬರುತ್ತದೆ. ಇಷ್ಟು ದಿನದಲ್ಲಿ ಅದು ತಿಂದದ್ದು ನಾಲ್ಕಾರು ಬೀಜ, ಒಂದಿಷ್ಟು ತಿರುಳು. ಇನ್ನೂರು ಗ್ರಾಂ ಹಣ್ಣಿನಲ್ಲಿ ಮುಕ್ಕಾಲು ಪಾಲು ತಿನ್ನಲು ಅಡ್ಡಿಯಿಲ್ಲದಂತೆ ಉಳಿದಿರುತ್ತದೆ. ಆದರೆ ತೂತಿನ ಬಾಯಲ್ಲಿ ಕಂದು ಹಿಕ್ಕೆ ಕಂಡ ಮೇಲೆ ಆ ಹಣ್ಣನ್ನು ಕೊಳ್ಳುವವರಿಲ್ಲ. ಒಂದೇ ಹಣ್ಣಿಗೆ ಎರಡು ಹುಳು ಹೊಕ್ಕರೆ ಸಾಮಾನ್ಯವಾಗಿ ಒಂದು ಇನ್ನೊಂದನ್ನು ತಿಂದು ಮುಗಿಸುತ್ತದೆ. ಹಾಗಾಗಿ ಹಣ್ಣಿಗೊಂದು ಹುಳು, ಹುಳುವಿಗೊಂದು ಹಣ್ಣು. ಈ ಕತೆಯ ಗಣಿತವೆಲ್ಲ ಶುರುವಾಗುವುದು ಈ ಒಂದರಿಂದ.

ಇದು ಕಾಡ್ಲಿಂಗ್ ಪತಂಗ. ಶಾಸ್ತ್ರೀಯ ಹೆಸರು ಸಿಡಿಯಾ ಪೊಮೊನೆಲ್ಲಾ. 1758ರಲ್ಲಿ ಲಿನೇಯಸ್ ದಾಖಲಿಸಿದ ಜೀವಿಗಳಲ್ಲಿ ಇದೂ ಒಂದು. ರೆಕ್ಕೆ ಬಿಚ್ಚಿದರೆ ಎರಡು ಸೆಂಟಿಮೀಟರೂ ಆಗದ ಬೂದು ಪತಂಗ. ರೆಕ್ಕೆಯ ತುದಿಯಲ್ಲಿ ತಾಮ್ರದ ಹೊಳಪಿನ ಪಟ್ಟಿ ಇಲ್ಲದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಸೇಬು ಅದರ ಮೊದಲ ಆಯ್ಕೆ. ಪೇರ್, ಕ್ವಿನ್ಸ್, ಆಕ್ರೋಟ್, ಏಪ್ರಿಕಾಟ್ ಕೂಡ ನಡೆಯುತ್ತದೆ. ಯುರೋಪ್, ಏಷ್ಯಾದ ಸೇಬಿನ ನಾಡುಗಳಿಂದ ಹಣ್ಣಿನ ಜೊತೆ, ಪೆಟ್ಟಿಗೆಯ ಜೊತೆ ಹಡಗು ಹತ್ತಿ 18ನೇ ಶತಮಾನದಲ್ಲಿ ಅಮೆರಿಕಕ್ಕೆ, 19ನೇ ಶತಮಾನದಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋಯಿತು. ಇಂದು ಸೇಬು ಬೆಳೆಯುವ ಪ್ರಮುಖ ದೇಶಗಳಲ್ಲಿ ಜಪಾನಿನಂಥ ಬೆರಳೆಣಿಕೆಯವನ್ನು ಬಿಟ್ಟರೆ ಎಲ್ಲೆಲ್ಲೂ ಇದೆ. ಕರ್ನಾಟಕದಲ್ಲಿಲ್ಲ. ಭಾರತದಲ್ಲಿ ಇರುವುದು ಲಡಾಖಿನಲ್ಲಿ ಮಾತ್ರ. ಆ ವಿಷಯಕ್ಕೆ ಆಮೇಲೆ ಬರೋಣ.

ಹೆಣ್ಣು ಪತಂಗ ಎರಡು-ಮೂರು ವಾರದ ಆಯುಸ್ಸಿನಲ್ಲಿ 30ರಿಂದ 100 ಮೊಟ್ಟೆ ಇಡುತ್ತದೆ. ಐವತ್ತು ಎಂದೇ ಇಟ್ಟುಕೊಳ್ಳೋಣ. ಎಲ್ಲವೂ ಬದುಕಿದರೆ 25 ಜೋಡಿ. ಎರಡನೇ ಪೀಳಿಗೆಯಲ್ಲಿ 1,250 ಹುಳು. ಮೂರನೆಯದರಲ್ಲಿ 31,250. ಪ್ರತಿಯೊಂದಕ್ಕೂ ಬೇರೆ ಬೇರೆ ಹಣ್ಣು ಬೇಕು. ಒಂದು ಹಣ್ಣು ಸರಾಸರಿ ಇನ್ನೂರು ಗ್ರಾಂ ಎಂದರೆ ಆರು ಟನ್ನಿಗೂ ಹೆಚ್ಚು ಸೇಬು, ವಸಂತದಲ್ಲಿ ಹಾರಿದ ಒಂದೇ ಜೋಡಿಯ ಲೆಕ್ಕಕ್ಕೆ. ಎಲ್ಲವೂ ಬದುಕುವುದಿಲ್ಲ, ನಿಜ. ಇಂಗ್ಲೆಂಡಿನ ಸೇಬಿನ ತೋಟಗಳಲ್ಲಿ ಚಳಿಗಾಲಕ್ಕೆಂದು ತೊಗಟೆಯ ಸಂದಿಯಲ್ಲಿ ಗೂಡು ಕಟ್ಟಿಕೊಂಡ ಹುಳುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಟಿಟ್ ಹಕ್ಕಿಗಳೇ ಹೆಕ್ಕಿ ತಿನ್ನುವುದನ್ನು 1970ರ ದಶಕದಲ್ಲಿ ಲೆಕ್ಕ ಹಾಕಿದ್ದಾರೆ. ಅಷ್ಟು ಸತ್ತ ಮೇಲೂ ಹುಳು ಮುಗಿದು ಹೋಗಲಿಲ್ಲ. ಬಿಸಿಲಿನ ಸೀಮೆಯಲ್ಲಿ ಯಾವ ಔಷಧಿಯನ್ನೂ ಹೊಡೆಯದೆ ಬಿಟ್ಟ ತೋಟದಲ್ಲಿ ನೂರಕ್ಕೆ ಎಂಬತ್ತು ಹಣ್ಣಿನಲ್ಲಿ ತೂತು ಕಾಣುವುದು ಅಪರೂಪವಲ್ಲ.

ವರ್ಷಕ್ಕೆ ಎಷ್ಟು ಪೀಳಿಗೆ ಎನ್ನುವುದನ್ನು ನಿರ್ಧರಿಸುವುದು ಬಿಸಿಲು. ಹತ್ತು ಡಿಗ್ರಿಗಿಂತ ಕೆಳಗೆ ಇದರ ಬೆಳವಣಿಗೆ ನಿಂತೇ ಹೋಗುತ್ತದೆ. ದಿನದ ಸರಾಸರಿ ಉಷ್ಣಾಂಶ 22 ಇದ್ದರೆ ಅಂದಿನ ಜಮೆ 12; ಇದನ್ನು ತೋಟಗಾರಿಕೆಯವರು ಡಿಗ್ರಿ-ದಿನ ಎನ್ನುತ್ತಾರೆ. ಸುಮಾರು ಆರುನೂರು ಡಿಗ್ರಿ-ದಿನ ಜಮೆಯಾದರೆ ಒಂದು ಪೀಳಿಗೆ ಮುಗಿಯಿತು. ಉತ್ತರ ಯುರೋಪಿನಲ್ಲಿ ವರ್ಷಕ್ಕೆ ಒಂದು, ಸ್ವಿಟ್ಜರ್ಲೆಂಡಿನಲ್ಲಿ ಎರಡು, ಕ್ಯಾಲಿಫೋರ್ನಿಯಾದ ಒಳನಾಡಿನಲ್ಲಿ ಮೂರು, ಕೆಲವು ವರ್ಷ ನಾಲ್ಕು. ಸ್ವಿಟ್ಜರ್ಲೆಂಡಿನ ಸಂಶೋಧಕರು 2012ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು: ಭೂಮಿ ಈಗಿನ ಅಂದಾಜಿನಂತೆ ಕಾಯುತ್ತಾ ಹೋದರೆ ಅವರ ಕಣಿವೆಗಳಲ್ಲಿ ಮೂರನೇ ಪೀಳಿಗೆ ಹುಟ್ಟುವ ಸಂಭವ ನೂರಕ್ಕೆ ಎರಡನ್ನೂ ದಾಟದ ಸ್ಥಿತಿಯಿಂದ ನೂರಕ್ಕೆ ನೂರರ ಮಟ್ಟಕ್ಕೆ ಏರುತ್ತದೆ, ಈ ಶತಮಾನದ ನಡುವಿನ ಹೊತ್ತಿಗೇ. ಇಪ್ಪತ್ತೈದರಿಂದ ಇನ್ನೊಂದು ಸಲ ಗುಣಿಸಿದರೆ ಏನಾಗುತ್ತದೆಂದು ಅಲ್ಲಿಯ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಹುಳುವಿನ ಅಂಕಿಗಳೇನೋ ಇಷ್ಟೆ. ಕೀಟ ಜಗತ್ತಿನಲ್ಲಿ ಐವತ್ತು ಮೊಟ್ಟೆ ಏನೇನೂ ಅಲ್ಲ. ಗೆದ್ದಲಿನ ರಾಣಿ ಅಷ್ಟನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ನನ್ನನ್ನು ಬೆರಗುಗೊಳಿಸುವುದು ಈ ಹುಳುವಿಗೆ ಎದುರಾಗಿ ಮನುಷ್ಯ ನಿಲ್ಲಿಸಿದ ಅಂಕಿಗಳು. ಜಗತ್ತಿನಲ್ಲಿ ವರ್ಷಕ್ಕೆ ಒಂಬತ್ತು ಕೋಟಿ ಟನ್ನಿಗೂ ಹೆಚ್ಚು ಸೇಬು ಬೆಳೆಯುತ್ತದೆ. ಕಿಲೋಗೆ ಐದು ಹಣ್ಣು ಎಂದರೂ 45,000 ಕೋಟಿ ಹಣ್ಣು. ವ್ಯಾಪಾರದ ತೋಟದಲ್ಲಿ ಹುಳು ಹೊಕ್ಕ ಹಣ್ಣು ನೂರಕ್ಕೆ ಒಂದನ್ನು ದಾಟಬಾರದು, ಅರ್ಧವೇ ಆದರೆ ಒಳ್ಳೆಯದು. ರಫ್ತಿಗಾದರೆ ಸೊನ್ನೆ. ಎಂಬತ್ತನ್ನು ಒಂದಕ್ಕೆ ಇಳಿಸುವುದು ಕಷ್ಟದ ಕೆಲಸ. ಒಂದನ್ನು ಸೊನ್ನೆಗೆ ಇಳಿಸಲು ಹೊರಟಾಗ ಮಾತ್ರ ಲಕ್ಷ, ಕೋಟಿ, ಲಕ್ಷ ಕೋಟಿ ಎಂದು ಸೊನ್ನೆಗಳ ಸಾಲು ಬೆಳೆಯುತ್ತದೆ.

ಮೊದಲ ಸಾಲು ವಿಷದ್ದು. 1892ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಿಪ್ಸಿ ಪತಂಗದ ಹಾವಳಿ ತಡೆಯಲು ಲೆಡ್ ಆರ್ಸನೇಟ್ ತಯಾರಿಸಿದರು. ಸೀಸ ಮತ್ತು ಪಾಷಾಣ ಒಂದೇ ಪುಡಿಯಲ್ಲಿ. ಎಲೆಗೆ ಚೆನ್ನಾಗಿ ಅಂಟುತ್ತದೆ, ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಸೇಬಿನವರಿಗೆ ಇದಕ್ಕಿಂತ ಇನ್ನೇನು ಬೇಕು? ಮುಂದಿನ ಐವತ್ತು ವರ್ಷ ಅಮೆರಿಕದ ಸೇಬು ಎಂದರೆ ಲೆಡ್ ಆರ್ಸನೇಟ್ ಬಳಿದ ಸೇಬು. ಮೊದಲು ಋತುವಿಗೆ ಎರಡು-ಮೂರು ಸಲ ಹೊಡೆದರೆ ಸಾಕಿತ್ತು. 1930ರ ದಶಕಕ್ಕೆ ಏಳೆಂಟು ಸಲವೂ ಸಾಲದಾಯಿತು. 1925ರ ಹೊತ್ತಿಗೆ ಬ್ರಿಟನ್ನಿನ ಆರೋಗ್ಯಾಧಿಕಾರಿಗಳು ಅಮೆರಿಕದ ಸೇಬಿನ ಮೇಲೆ ಅತಿಯಾದ ಪಾಷಾಣವಿದೆ ಎಂದು ಗಲಾಟೆ ಎಬ್ಬಿಸಿದ ಮೇಲೆ, ವಾಷಿಂಗ್ಟನ್ ರಾಜ್ಯದ ಪ್ಯಾಕಿಂಗ್ ಶೆಡ್‌ಗಳಲ್ಲಿ ಹಣ್ಣನ್ನು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ತೊಳೆಯುವ ಯಂತ್ರಗಳು ಬಂದವು. ಪತಂಗಕ್ಕೆ ಹೆದರಿ ಹಣ್ಣಿಗೆ ವಿಷ ಬಳಿದು, ವಿಷಕ್ಕೆ ಹೆದರಿ ಆಸಿಡ್ಡಿನಲ್ಲಿ ಅದ್ದಿ, ಆಮೇಲೆ ಮಕ್ಕಳ ಕೈಗೆ ಕೊಡುವುದು.

ಇನ್ನೊಂದು ಕಡೆ ಹುಳು ಸುಮ್ಮನಿರಲಿಲ್ಲ. ವರ್ಜೀನಿಯಾದ ಕೀಟತಜ್ಞ ಹಫ್ 1920ರ ದಶಕದ ಕೊನೆಗೆ ಸರಳವಾದ ಒಂದು ಪ್ರಯೋಗ ಮಾಡಿದರು. ಕೊಲರಾಡೋದಲ್ಲಿ ವರ್ಷಗಟ್ಟಲೆ ಲೆಡ್ ಆರ್ಸನೇಟ್ ತಿಂದು ಬಂದ ಹುಳುಗಳ ಸಂತತಿಯನ್ನೂ ವರ್ಜೀನಿಯಾದ ಹುಳುಗಳ ಸಂತತಿಯನ್ನೂ ಒಂದೇ ಥರ ಔಷಧಿ ಹೊಡೆದ ಸೇಬುಗಳ ಮೇಲೆ ಬಿಟ್ಟರು. ಕೊಲರಾಡೋದವು ಹೆಚ್ಚಿನ ಸಂಖ್ಯೆಯಲ್ಲಿ ಒಳಗೆ ಹೊಕ್ಕವು. ಕೀಟವೊಂದು ವಿಷಕ್ಕೆ ಒಗ್ಗಿಕೊಳ್ಳುತ್ತದೆ ಎಂದು ಜಗತ್ತಿಗೆ ತಿಳಿದ ಆರಂಭದ ಉದಾಹರಣೆಗಳಲ್ಲಿ ಅದೂ ಒಂದು. 1946ರ ಸುಮಾರಿಗೆ ಡಿಡಿಟಿ ತೋಟಕ್ಕೆ ಬಂದಾಗ ಪತಂಗದ ಕತೆ ಮುಗಿಯಿತೆಂದು ಎಲ್ಲರೂ ಉಸಿರು ಬಿಟ್ಟರು. ಹತ್ತು ವರ್ಷ ತುಂಬುವ ಮೊದಲೇ ಡಿಡಿಟಿಗೂ ಬಗ್ಗದ ಹುಳು ಸಿಕ್ಕಿತು. ಆಮೇಲೆ ಬಂದ ಅಜಿನ್‌ಫಾಸ್-ಮಿಥೈಲ್ ಅರ್ಧ ಶತಮಾನ ದುಡಿದು, ಕೊನೆಗೆ ಅಮೆರಿಕದಲ್ಲಿ ನಿಷೇಧಕ್ಕೆ ಒಳಗಾಯಿತು. ಲೆಡ್ ಆರ್ಸನೇಟನ್ನು ಅಲ್ಲಿ ಅಧಿಕೃತವಾಗಿ ನಿಷೇಧಿಸಿದ್ದು 1988ರಲ್ಲಿ. ಆದರೆ ಸೀಸ ಕೊಳೆಯುವ ವಸ್ತುವಲ್ಲ, ಪಾಷಾಣವೂ ಅಲ್ಲ. ವಾಷಿಂಗ್ಟನ್ ರಾಜ್ಯ ಒಂದರಲ್ಲೇ ಲಕ್ಷಕ್ಕೂ ಹೆಚ್ಚು ಎಕರೆ ಹಳೆಯ ತೋಟಗಳ ಮೇಲ್ಮಣ್ಣಿನಲ್ಲಿ ಅವೆರಡೂ ಇಂದಿಗೂ ಕೂತಿವೆ. ಆ ಜಾಗಗಳಲ್ಲಿ ಈಗ ಮನೆಗಳಿವೆ, ಶಾಲೆಗಳಿವೆ, ಶಾಲೆಯ ಆಟದ ಮೈದಾನಗಳಿವೆ. ಹುಳು ಬೀಜ ತಿಂದದ್ದಕ್ಕೆ ನಾವು ತೆತ್ತ ದಂಡ ಇದು. ಇದನ್ನು ಯಾವ ನಷ್ಟದ ಪಟ್ಟಿಯಲ್ಲೂ ಸೇರಿಸಿದಂತೆ ಕಾಣುವುದಿಲ್ಲ.

ಮುಂದಿನ ಅಂಕಿ ಹತ್ತು ಲಕ್ಷ ಕೋಟಿ. ಒಂದರ ಮುಂದೆ ಹದಿಮೂರು ಸೊನ್ನೆ. 1963ರಲ್ಲಿ ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಕಾಯಿಲೆ ಬಿದ್ದ ಕಾಡ್ಲಿಂಗ್ ಹುಳುಗಳು ಸಿಕ್ಕವು. ಅವುಗಳನ್ನು ಕೊಲ್ಲುತ್ತಿದ್ದದ್ದು ಒಂದು ವೈರಸ್. ಈ ವೈರಸ್ಸಿನ ಕಣ ಪ್ರೋಟೀನಿನ ಕವಚದೊಳಗೆ ಕೂತಿರುತ್ತದೆ. ಹುಳು ಆ ಕವಚವನ್ನು ನುಂಗಿದಾಗ ಹೊಟ್ಟೆಯ ಕ್ಷಾರದಲ್ಲಿ ಕವಚ ಕರಗಿ ವೈರಸ್ ಹೊರಬರುತ್ತದೆ. ಮನುಷ್ಯನಿಗೆ, ಜೇನಿಗೆ, ಹಕ್ಕಿಗೆ ಇದರಿಂದ ಏನೂ ಆಗುವುದಿಲ್ಲ. ಕಾಡ್ಲಿಂಗ್ ಪತಂಗ ಮತ್ತು ಅದರ ಹತ್ತಿರದ ಕೆಲವು ನೆಂಟರಿಗೆ ಮಾತ್ರ ಇದು ಯಮ. ಈಗಷ್ಟೇ ಹುಟ್ಟಿದ ಹುಳುವನ್ನು ಕೊಲ್ಲಲು ಒಂದೆರಡರಿಂದ ನಾಲ್ಕಾರು ಕವಚ ಸಾಕು. ಆದರೆ ಆ ಹುಳು ಯಾವ ಎಲೆಯ ಮೇಲೆ ಎಲ್ಲಿ ಬಾಯಿ ಹಾಕುತ್ತದೆ ಎಂದು ಯಾರಿಗೆ ಗೊತ್ತು? ಮೊದಲ ಕಚ್ಚನ್ನು ಬೇರೆ ಉಗಿಯುತ್ತದೆ. ಹಾಗಾಗಿ ಅದು ತೆವಳಬಹುದಾದ ಇಂಚಿಂಚು ಜಾಗದಲ್ಲೂ ಕವಚ ಇರಬೇಕು, ಬಿಸಿಲಿಗೆ ವೈರಸ್ ಕೆಲವೇ ದಿನದಲ್ಲಿ ಸತ್ತುಹೋಗುವುದರಿಂದ ಮತ್ತೆ ಮತ್ತೆ ಹೊಡೆಯುತ್ತಿರಬೇಕು. ಒಂದು ಹೆಕ್ಟೇರ್ ತೋಟಕ್ಕೆ ಒಂದು ಸಲ ಹೊಡೆಯುವ ರೂಢಿಯ ಪ್ರಮಾಣ ಆ ಹತ್ತು ಲಕ್ಷ ಕೋಟಿ ಕವಚ.

ಇಷ್ಟನ್ನು ಒಂದೆಡೆ ಗುಡ್ಡೆ ಹಾಕಿದರೆ ಎಷ್ಟಾಗಬಹುದು? ಒಂದು ಕವಚದ ಉದ್ದ ಸುಮಾರು 0.4 ಮೈಕ್ರಾನ್, ಅಗಲ ಅದರ ಅರ್ಧ. ಗುಣಿಸಿ ನೋಡಿದರೆ ಹತ್ತು ಲಕ್ಷ ಕೋಟಿ ಕವಚಗಳ ಗಾತ್ರ ಒಂದು ಮಿಲಿಲೀಟರಿನ ಆರನೇ ಒಂದು ಪಾಲಿನ ಆಸುಪಾಸು. ಕಣ್ಣಿಗೆ ಔಷಧಿ ಬಿಡುವ ಬಾಟಲಿಯಿಂದ ಮೂರು-ನಾಲ್ಕು ಹನಿ. ಎರಡೂವರೆ ಎಕರೆಗೆ ಅಷ್ಟೇ. ಈ ಲೆಕ್ಕ ಮಾಡಿ ನನಗೇ ನಂಬಿಕೆ ಬರದೆ ಸೊನ್ನೆಗಳನ್ನು ಮತ್ತೆ ಎಣಿಸಬೇಕಾಯಿತು, ಸರಿಯಾಗಿಯೇ ಇದೆ. ಇನ್ನು, ಈ ಕವಚಗಳನ್ನು ಯಾವ ಕಾರ್ಖಾನೆಯ ಕೊಪ್ಪರಿಗೆಯಲ್ಲೂ ಬೇಯಿಸಿ ತೆಗೆಯುವುದಿಲ್ಲ. ಜೀವಂತ ಕಾಡ್ಲಿಂಗ್ ಹುಳುಗಳಿಗೆ ರೋಗ ತಗುಲಿಸಿ, ಅವು ಸತ್ತ ಮೇಲೆ ಅರೆದು ತೆಗೆಯಬೇಕು. ಸತ್ತ ಒಂದು ಹುಳುವಿನ ಮೈಯಲ್ಲಿ ನೂರಾರು ಕೋಟಿ ಕವಚ ಇರುತ್ತವೆ.

1980ರ ದಶಕದ ಕೊನೆಯಿಂದ ಯುರೋಪಿನ ಸಾವಯವ ತೋಟಗಳೆಲ್ಲ ಇದನ್ನೇ ನಂಬಿದವು. 2005ರ ಹೊತ್ತಿಗೆ ಜರ್ಮನಿಯ ಕೆಲವು ತೋಟಗಳಲ್ಲಿ ವೈರಸ್ ನಾಟುತ್ತಿಲ್ಲ ಎಂಬ ದೂರು ಶುರುವಾಯಿತು. ಪರೀಕ್ಷಿಸಿ ನೋಡಿದಾಗ ಸಿಕ್ಕ ಅಂಕಿ ಇಂಥದು: ಕೆಲವು ಹುಳುಗಳನ್ನು ಕೊಲ್ಲಲು ಮಾಮೂಲಿನ ಒಂದು ಲಕ್ಷ ಪಟ್ಟು ವೈರಸ್ ಬೇಕಾಗಿತ್ತು. ಎರಡು ಪಟ್ಟಲ್ಲ, ಹತ್ತು ಪಟ್ಟಲ್ಲ. ಅದಕ್ಕೆ ಕಾರಣವಾದ ಗುಣ ಲಿಂಗ ನಿರ್ಧರಿಸುವ ಜೆಡ್ ವರ್ಣತಂತುವಿನ ಮೇಲಿತ್ತು. ಪತಂಗಗಳಲ್ಲಿ ಹೆಣ್ಣಿಗೆ ಜೆಡ್ ಇರುವುದು ಒಂದೇ. ಆ ಒಂದರಲ್ಲಿ ಗುಣ ಬಂದರೆ ಅದನ್ನು ಮರೆಮಾಡಲು ಜೋಡಿ ಇಲ್ಲ. ಹಾಗಾಗಿ ಕೆಲವೇ ಪೀಳಿಗೆಯಲ್ಲಿ ತೋಟ ತುಂಬ ಅದೇ ಸಂತತಿ. ತಯಾರಕರು ಬೇರೆ ಬೇರೆ ಕಡೆಯಿಂದ ವೈರಸ್ಸಿನ ಬೇರೆ ತಳಿಗಳನ್ನು ಹುಡುಕಿ ತಂದು ಮತ್ತೆ ದಾರಿ ಮಾಡಿಕೊಂಡಿದ್ದಾರೆ. ಸದ್ಯಕ್ಕೆ.

ವಾಸನೆಯ ದಾರಿ ಇನ್ನೊಂದು. ಸಂಜೆ ಹೊತ್ತು, ಗಾಳಿ 16-17 ಡಿಗ್ರಿಗಿಂತ ಬೆಚ್ಚಗಿದ್ದರೆ, ಹೆಣ್ಣು ಪತಂಗ ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿ ವಾಸನೆ ಬಿಡುತ್ತದೆ. ಗಂಡು ಆ ಎಳೆ ಹಿಡಿದು ಬರುತ್ತದೆ. ಇಂಥ ವಾಸನೆಯ ರಾಸಾಯನಿಕವನ್ನು ಜಗತ್ತಿನಲ್ಲಿ ಮೊಟ್ಟಮೊದಲು ಗುರುತಿಸಿದ್ದು ನಮ್ಮ ರಾಮನಗರ, ಶಿಡ್ಲಘಟ್ಟದವರಿಗೆ ಚಿರಪರಿಚಿತವಾದ ರೇಷ್ಮೆ ಪತಂಗದಲ್ಲಿ. 1959ರಲ್ಲಿ ಜರ್ಮನಿಯ ಬ್ಯೂಟೆನಾಂಟ್ ಮತ್ತು ಜೊತೆಯವರು ಐದು ಲಕ್ಷ ಹೆಣ್ಣು ರೇಷ್ಮೆ ಪತಂಗಗಳ ಗ್ರಂಥಿ ಕತ್ತರಿಸಿ, ಕೊನೆಗೆ ಕೆಲವು ಮಿಲಿಗ್ರಾಂ ಪಡೆದಿದ್ದರು. ಕಾಡ್ಲಿಂಗ್ ಪತಂಗದ ಸರದಿ ಬರುವಷ್ಟರಲ್ಲಿ ಉಪಾಯ ಬದಲಾಗಿತ್ತು. ಅಮೆರಿಕದ ವೆಂಡೆಲ್ ರೋಲೊಫ್ಸ್ ಗಂಡಿನ ಮೀಸೆಗೆ ಸೂಕ್ಷ್ಮ ತಂತಿ ಜೋಡಿಸಿ, ಒಂದೊಂದೇ ರಾಸಾಯನಿಕವನ್ನು ಊದಿ, ಯಾವುದಕ್ಕೆ ವಿದ್ಯುತ್ ಸಂಕೇತ ಜೋರಾಗಿ ಮಿಡಿಯುತ್ತದೆ ಎಂದು ನೋಡಿದರು. 1971ರಲ್ಲಿ ಉತ್ತರ ಸಿಕ್ಕಿತು: ಹನ್ನೆರಡು ಇಂಗಾಲದ ಸರಪಳಿಯ ಒಂದು ಆಲ್ಕೊಹಾಲ್. ಈಗ ಅದಕ್ಕೆ ಕಾಡ್ಲಮೋನ್ ಎಂದು ಹೆಸರು.

ಮೊದಲು ಇದನ್ನು ಮೋಹಕ ಬಲೆಗೆ ಬಳಸಿದರು. ರಬ್ಬರ್ ಬಿರಡೆಯಲ್ಲಿ ಒಂದು ಮಿಲಿಗ್ರಾಂ ಕಾಡ್ಲಮೋನ್, ಕೆಳಗೆ ಅಂಟಿನ ಹಾಳೆ. ವಾರಕ್ಕೆ ಐದು ಗಂಡು ಬಿದ್ದರೆ ತೋಟಗಾರ ಎಚ್ಚೆತ್ತುಕೊಳ್ಳಬೇಕು. ಆಮೇಲೆ ಹೊಳೆದದ್ದು ಇಡೀ ತೋಟವನ್ನೇ ಹೆಣ್ಣಿನ ವಾಸನೆಯಿಂದ ತುಂಬಿಸುವ ಯೋಚನೆ. ನಿಜವಾದ ಹೆಣ್ಣು ಎಲ್ಲಿದೆಯೆಂದು ಗಂಡಿಗೆ ತಿಳಿಯಬಾರದು. ಹೆಕ್ಟೇರಿಗೆ ಸುಮಾರು ಸಾವಿರ ಪ್ಲಾಸ್ಟಿಕ್ ನಳಿಕೆಗಳನ್ನು ಮರಮರಕ್ಕೂ ಕಟ್ಟುತ್ತಾರೆ. ಎಲ್ಲ ಸೇರಿ ಋತುವಿಗೆ ಸುಮಾರು 100 ಗ್ರಾಂ ಕಾಡ್ಲಮೋನ್. ಒಂದು ಹೆಣ್ಣಿನ ಗ್ರಂಥಿಯಲ್ಲಿ ಒಂದು ಹೊತ್ತಿಗೆ ಇರುವುದು ಕೆಲವೇ ನ್ಯಾನೊಗ್ರಾಂ. ಐದು ಎಂದು ಹಿಡಿದರೆ, ಆ ನೂರು ಗ್ರಾಂ 2,000 ಕೋಟಿ ಹೆಣ್ಣುಗಳ ಮೈಯಲ್ಲಿರುವ ವಾಸನೆಗೆ ಸಮ. ಭೂಮಿಯ ಮೇಲಿನ ಮನುಷ್ಯರನ್ನೆಲ್ಲ ಎಣಿಸಿ ಎರಡರಿಂದ ಗುಣಿಸಿದರೂ ಅಷ್ಟಾಗುವುದಿಲ್ಲ, ಮತ್ತು ಇದು ಒಂದೇ ಹೆಕ್ಟೇರಿಗೆ. ಜಗತ್ತಿನಾದ್ಯಂತ ಸುಮಾರು ಎರಡು ಲಕ್ಷ ಹೆಕ್ಟೇರಿನಲ್ಲಿ ಈ ಪದ್ಧತಿ ನಡೆಯುತ್ತಿದೆ. ಈ ಉಪಾಯ ಚೆನ್ನಾಗಿ ಕೆಲಸ ಮಾಡುತ್ತದೆ, ಒಂದು ಷರತ್ತಿನ ಮೇಲೆ: ತೋಟದಲ್ಲಿ ಪತಂಗ ಕಡಿಮೆ ಇರಬೇಕು. ಪತಂಗ ಹೆಚ್ಚಿದ್ದರೆ ಗಂಡು ವಾಸನೆ ಹುಡುಕುವ ಗೋಜಿಗೇ ಹೋಗದೆ ಪಕ್ಕದ ಎಲೆಯ ಮೇಲೆ ಕೂತ ಹೆಣ್ಣಿಗೆ ಡಿಕ್ಕಿ ಹೊಡೆದುಬಿಡುತ್ತದೆ.

ಕೆನಡಾದ ಓಕನಾಗನ್ ಕಣಿವೆಯವರು ಹಿಡಿದ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಪತಂಗ ಕಡಿಮೆ ಮಾಡಲು ಅವರು ಪತಂಗ ಸಾಕುತ್ತಾರೆ. ಬ್ರಿಟಿಷ್ ಕೊಲಂಬಿಯಾದ ಈ ಕಣಿವೆ ಸೇಬಿಗೆ ಹೆಸರಾದದ್ದು. ಅಲ್ಲಿಯ ಬೆಳೆಗಾರರಲ್ಲಿ ಪಂಜಾಬಿನಿಂದ ಹೋದ ಕುಟುಂಬಗಳು ಬಹಳ. ಅಮೆರಿಕದ ಗಡಿಗೆ ಅಂಟಿಕೊಂಡ ಒಸೋಯೂಸ್ ಊರಿನಲ್ಲಿ 1990ರ ದಶಕದ ಆರಂಭದಲ್ಲಿ ಕಟ್ಟಿದ ಸಾಕಣೆ ಕೇಂದ್ರಕ್ಕೆ ವಾರಕ್ಕೆ ಒಂದೂವರೆ ಕೋಟಿಯಷ್ಟು ಕಾಡ್ಲಿಂಗ್ ಪತಂಗ ಹುಟ್ಟಿಸುವ ಶಕ್ತಿ ಇದೆ. ಹುಳುಗಳಿಗೆ ಸೇಬು ಕೊಡುವುದಿಲ್ಲ. ತಟ್ಟೆಗಳಲ್ಲಿ ಹಿಟ್ಟಿನಂಥ ಕೃತಕ ಆಹಾರ. ಆ ಆಹಾರಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ, ಅದರ ಕಾರಣ ಆಮೇಲೆ ಗೊತ್ತಾಗುತ್ತದೆ. ಕೋಶ ಒಡೆದು ಹೊರಬಂದ ಪತಂಗಗಳು ಕತ್ತಲ ಕೋಣೆಯಲ್ಲಿ ನೇರಳಾತೀತ ದೀಪದತ್ತ ಹಾರುತ್ತವೆ, ಅಲ್ಲಿಂದ ಗಾಳಿಯ ಕೊಳವೆ ಅವನ್ನು ಹೀರಿ ಹಿಮದಷ್ಟು ತಣ್ಣನೆಯ ಕೋಣೆಗೆ ಹಾಕುತ್ತದೆ. ಚಳಿಗೆ ಮರಗಟ್ಟಿದ ಪತಂಗಗಳನ್ನು ಡಬ್ಬಿಗೆ ತುಂಬಿ ಕೋಬಾಲ್ಟ್-60ರ ಗಾಮಾ ಕಿರಣದಡಿ ಇಡುತ್ತಾರೆ. ವಿಕಿರಣವನ್ನು ಅಳೆಯುವುದು ಗ್ರೇ ಲೆಕ್ಕದಲ್ಲಿ; ಇಲ್ಲಿ ಪ್ರಮಾಣ 150 ಗ್ರೇ ಮತ್ತು ಮೇಲೆ. ಮೈಯೆಲ್ಲ ನಾಲ್ಕೈದು ಗ್ರೇ ಬಿದ್ದರೆ, ಚಿಕಿತ್ಸೆ ಸಿಗದ ಮನುಷ್ಯ ಬದುಕುವುದು ಅನುಮಾನ. ಅದರ ಮೂವತ್ತು ಪಟ್ಟು ಉಂಡ ಪತಂಗ ಬೆಚ್ಚಗಾದ ಕೂಡಲೇ ಎದ್ದು ಹಾರುತ್ತದೆ, ಜೋಡಿ ಹುಡುಕುತ್ತದೆ, ಕೂಡುತ್ತದೆ. ಸಂತಾನವೊಂದೇ ಹೆಚ್ಚುಕಡಿಮೆ ಇಲ್ಲ.

ವಾರಕ್ಕೊಮ್ಮೆ ಹೆಕ್ಟೇರಿಗೆ ಎರಡು ಸಾವಿರ ಬರಡು ಪತಂಗ. ವಸಂತದಿಂದ ಬೇಸಿಗೆಯ ಕೊನೆಯವರೆಗೆ ಇಪ್ಪತ್ತು ವಾರ ಎಂದರೆ ಹೆಕ್ಟೇರಿಗೆ ನಲವತ್ತು ಸಾವಿರ. ತೋಟದಲ್ಲೇ ಹುಟ್ಟಿದ ಒಂದು ಪತಂಗಕ್ಕೆ ಕಾರ್ಖಾನೆಯದು ನಲವತ್ತು ಇರಬೇಕು ಎಂಬುದು ಅವರ ಗುರಿ. ಆಗ ತೋಟದ ಹೆಣ್ಣಿಗೆ ತೋಟದ ಗಂಡು ಸಿಗುವುದು ನಲವತ್ತರಲ್ಲಿ ಒಂದು ಸಲವಷ್ಟೇ. ಪ್ರಮಾಣ ಸರಿಯಿದೆಯೇ ಎಂದು ನೋಡುವ ಕ್ರಮವೂ ಮಜವಾಗಿದೆ. ಬಲೆಗೆ ಬಿದ್ದ ಪತಂಗವನ್ನು ಎತ್ತಿ ಬೆರಳಿನಿಂದ ಹೊಟ್ಟೆ ಹಿಸುಕುತ್ತಾರೆ. ಒಳಗೆ ಗುಲಾಬಿ ಬಣ್ಣ ಬಂದರೆ ಅದು ಕೆಂಪು ಹಿಟ್ಟು ತಿಂದು ಬೆಳೆದ ಕಾರ್ಖಾನೆಯದು. ಬಣ್ಣ ಇಲ್ಲದಿದ್ದರೆ ತೋಟದ್ದು. ಕೋಟಿಗಟ್ಟಲೆ ಖರ್ಚಿನ ಈ ಯೋಜನೆಯ ಮುಖ್ಯ ಅಂಕಿಗಳು ಹೀಗೆ ಹೆಬ್ಬೆರಳು ತೋರುಬೆರಳ ನಡುವೆ ಹುಟ್ಟುತ್ತವೆ. ಮೊದಲು ಬಿಟ್ಟದ್ದು 1994ರಲ್ಲಿ. ಅಂದಿನಿಂದ ಕಣಿವೆಯ ಪತಂಗಗಳ ಸಂಖ್ಯೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿದಿದೆ, ಅದಕ್ಕೆಂದು ಹೊಡೆಯುತ್ತಿದ್ದ ಔಷಧಿಯೂ ಅಷ್ಟೇ ಇಳಿದಿದೆ. ಒಸೋಯೂಸಿನ ಪತಂಗಗಳು ವಿಮಾನ ಹತ್ತಿ ನ್ಯೂಜಿಲೆಂಡಿನ ಹಾಕ್ಸ್ ಬೇವರೆಗೂ ಹೋಗಿವೆ. ಒಂದಾನೊಂದು ಕಾಲದಲ್ಲಿ ಕಳ್ಳತನದಲ್ಲಿ ಹಡಗು ಹತ್ತಿದ ಜೀವಿ ಈಗ ಕಾಗದಪತ್ರ ಸಮೇತ ಹೋಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಸೊನ್ನೆ ಸಿಗುತ್ತದೆಯೇ? ಅಂತರರಾಷ್ಟ್ರೀಯ ಹಣ್ಣು ವ್ಯಾಪಾರದಲ್ಲಿ ಪ್ರೊಬಿಟ್-9 ಎಂಬ ಅಳತೆ ಇದೆ. ಮೂಲತಃ ಹಣ್ಣಿನ ನೊಣಗಳಿಗಾಗಿ 1939ರಲ್ಲಿ ಅಮೆರಿಕದಲ್ಲಿ ಸೂಚಿಸಿದ್ದು. ರಫ್ತಿಗೆ ಮೊದಲು ಹಣ್ಣಿಗೆ ಕೊಡುವ ಯಾವುದೇ ಉಪಚಾರ ಒಳಗಿರಬಹುದಾದ ಹುಳುಗಳಲ್ಲಿ 99.9968 ಶೇಕಡ ಕೊಲ್ಲಬೇಕು. ಹತ್ತು ಲಕ್ಷದಲ್ಲಿ ಉಳಿಯುವುದು 32. ಈ ಮಟ್ಟ ಮುಟ್ಟಿದ್ದೇವೆಂದು ಸಾಬೀತು ಮಾಡಲು 93,613 ಹುಳುಗಳಿಗೆ ಉಪಚಾರ ಕೊಟ್ಟು, ಒಂದೂ ಬದುಕಿಲ್ಲ ಎಂದು ಎಣಿಸಿ ತೋರಿಸಬೇಕು. ಅಮೆರಿಕಕ್ಕೆ ಹೋಗುವ ನಮ್ಮ ಮಾವಿನ ಹಣ್ಣೂ 400 ಗ್ರೇ ವಿಕಿರಣದಡಿ ಹಾದು ಹೋಗುವುದು ಇಂಥದೇ ಲೆಕ್ಕಾಚಾರದ ಫಲ. ಜಪಾನಿಗೆ ಅಮೆರಿಕದ ಸೇಬು ಹೋಗಬೇಕಾದರೆ 55 ದಿನ ಶೀತಲಗೃಹದಲ್ಲಿದ್ದು, ಆಮೇಲೆ ಮಿಥೈಲ್ ಬ್ರೋಮೈಡ್ ಹೊಗೆ ಕುಡಿದು ಹೋಗಬೇಕು ಎಂಬ ನಿಯಮ ಬಂದದ್ದು ಕಾಡ್ಲಿಂಗ್ ಹುಳುವಿನ ಹೆದರಿಕೆಯಿಂದ.

ತೈವಾನಿನ ಪ್ರಕರಣ ಇನ್ನೂ ಬಿಗಿ. ದೊಡ್ಡ ಕಂಟೈನರ್ ಒಂದರಲ್ಲಿ ಸುಮಾರು ಸಾವಿರ ಪೆಟ್ಟಿಗೆ, ಪೆಟ್ಟಿಗೆಗೆ ನೂರರ ಹತ್ತಿರ ಹಣ್ಣು. ಅಂದರೆ ಲಕ್ಷ ಸೇಬು. 2002ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ಬಂದ ಹಣ್ಣಿನಲ್ಲಿ ಕಾಡ್ಲಿಂಗ್ ಹುಳು ಕಂಡಿತೆಂದು ತೈವಾನ್ ಆಮದನ್ನೇ ನಿಲ್ಲಿಸಿತು. ಅಮೆರಿಕದ ಸೇಬಿಗೆ ಅದು ಪ್ರಮುಖ ಮಾರುಕಟ್ಟೆ. ಮಾತುಕತೆಯಾಗಿ ಹೊಸ ಒಪ್ಪಂದವಾಯಿತು: ಒಂದು ಋತುವಿನಲ್ಲಿ ಮೂರು ಸಲ ಹುಳು ಸಿಕ್ಕರೆ ಬಾಗಿಲು ಬಂದ್. 2004ರ ಡಿಸೆಂಬರ್‌ನಲ್ಲಿ ಮೂರನೆಯದು ಸಿಕ್ಕಿತು, ಬಾಗಿಲು ಮತ್ತೆ ಮುಚ್ಚಿತು. ಮೂರು ಹುಳು, ಎಲ್ಲ ಸೇರಿ ಐದು ಸೆಂಟಿಮೀಟರ್ ಉದ್ದವೂ ಇರಲಿಕ್ಕಿಲ್ಲ.

ಬ್ರೆಜಿಲ್ ಮಾತ್ರ ನಿಜವಾಗಿ ಸೊನ್ನೆ ಮುಟ್ಟಿತು, ಆದರೆ ಮರ ಕಡಿದು. 1991ರಲ್ಲಿ ದಕ್ಷಿಣದ ವಕಾರಿಯಾ ಪಟ್ಟಣದಲ್ಲಿ ಪತಂಗ ಕಾಣಿಸಿತು, ಆಮೇಲೆ ಇನ್ನೂ ಮೂರು ಊರುಗಳಲ್ಲಿ. ಅದೃಷ್ಟಕ್ಕೆ ಅದು ಇದ್ದದ್ದು ಪೇಟೆಯ ಮನೆಗಳ ಹಿತ್ತಲಲ್ಲಿ. ದೊಡ್ಡ ತೋಟಗಳಿಗೆ ಇನ್ನೂ ದಾಟಿರಲಿಲ್ಲ. ಅಧಿಕಾರಿಗಳು ಮನೆಮನೆಗೆ ಹೋಗಿ ಸೇಬು, ಪೇರ್, ಕ್ವಿನ್ಸ್ ಮರ ಕಡಿಸಿ, ಬದಲಿಗೆ ಬೇರೆ ಜಾತಿಯ ಹಣ್ಣಿನ ಸಸಿ ಕೊಟ್ಟರು. ಹೀಗೆ ಹೋದ ಮರಗಳು ಲಕ್ಷದ ಹತ್ತಿರ. 2014ರಲ್ಲಿ ದೇಶ ಪತಂಗಮುಕ್ತ ಎಂದು ಘೋಷಿಸಿತು.

ನಮ್ಮಲ್ಲಿ ಕಾವಲು ಬೆಟ್ಟಗಳದ್ದು. ದೇಶದೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡದಂತೆ ಕೇಂದ್ರ ಸರ್ಕಾರ ಕಾನೂನಿನ ಬೇಲಿ ಹಾಕಿದ ಕೀಟ-ರೋಗಗಳ ಪಟ್ಟಿ ಬಹಳ ಚಿಕ್ಕದು. ಅದರಲ್ಲಿ ಕಾಡ್ಲಿಂಗ್ ಪತಂಗವೂ ಇದೆ, ಕಾಫಿಯ ಕಾಯಿಕೊರಕವೂ ಇದೆ. ಕಾಯಿಕೊರಕಕ್ಕೆ ಬೇಲಿ ತಡೆಯಾಗಲಿಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಕಂಡದ್ದು ಕೊಡಗಿಗೆ ಬರಲು ತಡವಾಗಲಿಲ್ಲ, ಮುಂದಿನದನ್ನು ನಮ್ಮ ಬೆಳೆಗಾರರು ಬಲ್ಲರು. ಕಾಡ್ಲಿಂಗ್ ಪತಂಗ ಮಾತ್ರ ಲಡಾಖಿನಲ್ಲೇ ನಿಂತಿದೆ. ಕಾರ್ಗಿಲ್, ಲೇಹ್ ಸೀಮೆಯ ಸೇಬು, ಏಪ್ರಿಕಾಟ್ ತೋಟಗಳಲ್ಲಿ ಅದರ ಹಾವಳಿ ಹಳೆಯದು. ಅಲ್ಲಿಂದ ಕಾಶ್ಮೀರಕ್ಕೆ ಬರುವ ದಾರಿ 3,528 ಮೀಟರ್ ಎತ್ತರದ ಜೋಜಿ ಲಾ ಕಣಿವೆಮಾರ್ಗ. ಚಳಿಗಾಲದಲ್ಲಿ ಹಿಮ ಮುಚ್ಚಿ ರಸ್ತೆಯೇ ಬಂದ್. ಅತ್ತಿತ್ತ ಮರವಿಲ್ಲದ ಬೋಳು ಬೆಟ್ಟ. ತಾನು ಹುಟ್ಟಿದ ತೋಟವನ್ನೇ ಸಾಮಾನ್ಯವಾಗಿ ಬಿಟ್ಟು ಹೋಗದ ಪತಂಗ ಇದನ್ನು ಹಾರಿ ದಾಟಲಾರದು. ದಾಟಬೇಕಾದರೆ ಹಣ್ಣಿನ ಒಳಗೋ, ಪೆಟ್ಟಿಗೆಯ ಸಂದಿಯಲ್ಲೋ ಕೂತೇ ದಾಟಬೇಕು. ಅದಕ್ಕೇ ಲಡಾಖಿನ ತಾಜಾ ಹಣ್ಣು ಹೊರಗೆ ಹೋಗಕೂಡದೆಂದು ದಶಕಗಟ್ಟಲೆ ನಿರ್ಬಂಧವಿತ್ತು. ಬೆಂಗಳೂರಿನ ಡ್ರೈಫ್ರೂಟ್ ಅಂಗಡಿಗಳಿಗೆ ಲಡಾಖಿನ ಏಪ್ರಿಕಾಟ್ ಒಣಗಿಯೇ ಬರುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅಲ್ಲಿಯ ತಾಜಾ ಏಪ್ರಿಕಾಟ್ ವಿಮಾನದಲ್ಲಿ ದುಬೈಗೆ ಹೋಗಲು ಶುರುವಾದದ್ದು 2021ರಲ್ಲಿ.

ಈಗ ಜೋಜಿ ಲಾ ಕೆಳಗೆ ಸುರಂಗ ಕೊರೆಯುತ್ತಿದ್ದಾರೆ. ಉದ್ದ 13 ಕಿಲೋಮೀಟರಿಗೂ ಹೆಚ್ಚು. ಮುಗಿದರೆ ವರ್ಷವಿಡೀ ರಸ್ತೆ ತೆರೆದಿರುತ್ತದೆ. ಲಡಾಖಿನ ಜನರಿಗೆ ಅದು ಬೇಕೇ ಬೇಕು. ಚಳಿಗಾಲದಲ್ಲಿ ರೋಗಿಯನ್ನು ಶ್ರೀನಗರಕ್ಕೆ ಸಾಗಿಸಲು ಹವಾಮಾನದ ಮುಖ ನೋಡುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಸುರಂಗದ ಆ ಬಾಯಲ್ಲಿ ಪತಂಗ. ಈ ಬಾಯಲ್ಲಿ ಕಾಶ್ಮೀರ ಕಣಿವೆ: ವರ್ಷಕ್ಕೆ ಇಪ್ಪತ್ತು ಲಕ್ಷ ಟನ್ನಿನ ಆಸುಪಾಸು ಸೇಬು, ಅಂದರೆ ಸಾವಿರ ಕೋಟಿ ಹಣ್ಣು, ದೇಶದ ಒಟ್ಟು ಬೆಳೆಯ ಮುಕ್ಕಾಲರಷ್ಟು. ತೊಗಟೆಯ ತುಣುಕಿನಲ್ಲೋ ಮರದ ಪೆಟ್ಟಿಗೆಯ ಬಿರುಕಿನಲ್ಲೋ ಗೂಡು ಕಟ್ಟಿ ಮಲಗಿದ ಹುಳು ಇಡೀ ಚಳಿಗಾಲ ಉಪವಾಸ ಕಳೆಯಬಲ್ಲದು. ಕೆಲವು ಎರಡು ಚಳಿಗಾಲವನ್ನೂ ಕಳೆಯುತ್ತವೆ. ಲಾರಿಯಲ್ಲಿ ಸುರಂಗ ದಾಟಲು ಅರ್ಧ ಗಂಟೆಯೂ ಬೇಡ. ಸುರಂಗದ ಬಾಯಲ್ಲಿ ಪೆಟ್ಟಿಗೆ ಬಿಚ್ಚಿ ನೋಡುವ ತಪಾಸಣೆ ಕಟ್ಟೆಗೆ, ಅಲ್ಲಿ ಕೂರುವ ನಾಲ್ಕಾರು ಸಿಬ್ಬಂದಿಗೆ ವರ್ಷಕ್ಕೆ ತಗಲುವ ಖರ್ಚನ್ನು ಒಸೋಯೂಸಿನ ಕಾರ್ಖಾನೆಯದರ ಪಕ್ಕ ಇಟ್ಟು ನೋಡಿದರೆ ಅದು ಏನೂ ಅಲ್ಲ.